ಮಂಗನ ಕಾಯಿಲೆಗೆ ಲಸಿಕೆ ಇತ್ತಲ್ಲ, ಅದೇನಾಯಿತು?

ನಿಮ್ಮ ಪ್ರಶ್ನೆ ಇಷ್ಟು: ಮದುವೆಯಾಗಿ ಸಾಗರ ತಾಲೂಕಿನ ಹಳ್ಳಿಗೆ ಬಂದಿದ್ದೀರಿ. ಅತ್ತೆ, ಮಾವ ಇಬ್ಬರೂ ಹಿಂದೆ ಮಂಗನ ಕಾಯಿಲೆಗೆ ಇಂಜೆಕ್ಷನ್ ತಗೊಂಡವರು. ಈಗ ನಿಮಗೆ ಬೇಕು ಅಂದರೆ ಇಲ್ಲ ಅನ್ನುತ್ತಾರೆ. ಇದ್ದ ಲಸಿಕೆ ಎಲ್ಲಿ ಹೋಯಿತು, ಅವರ ಹಳೆ ಇಂಜೆಕ್ಷನ್ ಈಗಲೂ ಕೆಲಸ ಮಾಡುತ್ತಾ ಅಂತ ಕೇಳಿದ್ದೀರಿ.

ಸ್ಟಾಕ್ ಮುಗಿದದ್ದಲ್ಲ. ಆ ಲಸಿಕೆ ಕೊಡುವುದನ್ನೇ 2022ರಲ್ಲಿ ನಿಲ್ಲಿಸಿದರು. ನಾನು ಮಲೆನಾಡಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೆಲಸ ಮಾಡಿದವಳು. ಐಸ್ ಪ್ಯಾಕ್ ತುಂಬಿದ ಡಬ್ಬಿಯಲ್ಲಿ ಅದನ್ನು ಹೊತ್ತುಕೊಂಡು ಕೇರಿ ಕೇರಿ ತಿರುಗಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಯತೊಡಗಿದವು. ಪಕ್ಕದ ಹಳ್ಳಿಗಳಲ್ಲಿ ಜನ ಜೋರು ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಈಗಿನ ಎನ್‌ಐವಿ, ರಾಷ್ಟ್ರೀಯ ವೈರಾಣು ಸಂಸ್ಥೆ) ಓಡಿ ಬಂದರು. ಅವರಿಗೆ ಮೊದಲು ಬಂದ ಭಯ ಹಳದಿ ಜ್ವರದ್ದು. ಯಾಕೆಂದರೆ ದಕ್ಷಿಣ ಅಮೆರಿಕದಲ್ಲಿ ಆ ಜ್ವರ ಬಂದಾಗಲೂ ಮೊದಲು ಸಾಯುವುದು ಮಂಗಗಳೇ. ಪರೀಕ್ಷೆ ಮಾಡಿದರೆ ಇದು ಸೊಳ್ಳೆಯದಲ್ಲ, ಉಣುಗಿನಿಂದ (ಉಣ್ಣೆ ಹುಳ) ಬರುವ ವೈರಸ್. ರಷ್ಯಾದಲ್ಲಿ ಉಣುಗು ಕಚ್ಚಿ ಬರುವ ಒಂದು ಮೆದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ಸಂಬಂಧಿ ಅಲ್ವಾ ಅಂತ ಆ ರಷ್ಯಾದ ಕಾಯಿಲೆಗಿದ್ದ ಲಸಿಕೆಯನ್ನೇ ಇಲ್ಲಿ ಹಾಕಿ ನೋಡಿದರು. ಉಪಯೋಗವಾಗಲಿಲ್ಲ.

ಆಮೇಲೆ ಬಂದದ್ದೇ ನಿಮ್ಮ ಅತ್ತೆ ಮಾವ ತಗೊಂಡ ಲಸಿಕೆ. ಕೋಳಿ ಭ್ರೂಣದ ಕೋಶಗಳಲ್ಲಿ ವೈರಸ್ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಮಾಡಿದ್ದು. 1990ರಿಂದ 92ರವರೆಗೆ ನಮ್ಮ ಕಡೆಯ ಹಳ್ಳಿಗಳಲ್ಲೇ ಪರೀಕ್ಷೆ ನಡೆಯಿತು. ಒಂದು ಡೋಸಿಗೆ ಶೇ. 79, ಎರಡು ಡೋಸಿಗೆ ಶೇ. 94ರಷ್ಟು ರಕ್ಷಣೆ ಅಂತ ಬಂತು. ತುಂಬಾ ಒಳ್ಳೆ ಅಂಕಿ. ಆದರೆ 2005ರಿಂದ 2010ರವರೆಗಿನ ಲೆಕ್ಕವನ್ನು ಮತ್ತೆ ತೆಗೆದು ನೋಡಿದಾಗ ಬೇರೆಯೇ ಚಿತ್ರ. ಒಂದೇ ಡೋಸ್ ತಗೊಂಡವರಿಗೆ ಏನೂ ಲಾಭ ಕಾಣಲಿಲ್ಲ. ಎರಡು ತಗೊಂಡವರಿಗೆ ಶೇ. 62. ಬೂಸ್ಟರ್ ಕೂಡ ಹಾಕಿಸಿಕೊಂಡವರಿಗೆ ಶೇ. 83.

ಈ ಅಂಕಿಗಳನ್ನು ಊರಿನ ಅಂಗಳದಲ್ಲಿ ಇಟ್ಟು ನೋಡಿ. ತಿಂಗಳ ಅಂತರದಲ್ಲಿ ಎರಡು ಇಂಜೆಕ್ಷನ್. ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್. ಆಮೇಲೂ ವರ್ಷಕ್ಕೊಂದು, ಐದು ವರ್ಷ. ಅದೂ ಎಂಥ ಇಂಜೆಕ್ಷನ್! ಚುಚ್ಚಿದ ಜಾಗ ಉರಿದು, ಊದಿ, ರಾತ್ರಿ ಆ ಮಗ್ಗುಲಿಗೆ ಮಲಗಲಿಕ್ಕೆ ಆಗುತ್ತಿರಲಿಲ್ಲ. ಕಾಯಿಲೆ ಶುರುವಾಗುವುದು ಡಿಸೆಂಬರ್ ಹೊತ್ತಿಗೆ, ಅದಕ್ಕೆ ಮೊದಲೇ ಲಸಿಕೆ ಮುಗಿಸಬೇಕು. ಅಂದರೆ ನಾವು ಹೋಗುವ ಹೊತ್ತಿಗೆ ಗದ್ದೆ ನಾಟಿ ಇರುತ್ತದೆ, ಇಲ್ಲ ಅಡಿಕೆ ಕೊಯ್ಲು ಹತ್ತಿರ ಬಂದಿರುತ್ತದೆ. ಶಾಲೆ ಜಗಲಿಯಲ್ಲಿ ಟೇಬಲ್ ಹಾಕಿ ಕೂತರೆ ಮೊದಲನೇ ಸುತ್ತಿಗೆ ಜನ ಬರುತ್ತಿದ್ದರು. ಎರಡನೇ ಸುತ್ತಿಗೆ ರಿಜಿಸ್ಟರಿನಲ್ಲಿ ಖಾಲಿ ಮನೆಗಳೇ ಜಾಸ್ತಿ. ಅಡಿಕೆ ಗೊನೆ ಕೊಯ್ಯುವ ಒಬ್ಬ ಕೊನೆಗಾರ ತೋಳು ತೋರಿಸಿ ಹೇಳಿದ್ದ: "ಇದು ನೊಂದರೆ ನಾಳೆ ಮರ ಹತ್ತೋದು ಯಾರು ಮೇಡಂ? ಕೂಲಿ ನೀವು ಕೊಡ್ತೀರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಜನರಿಗೆ ತಿಳಿವಳಿಕೆ ಇಲ್ಲ ಅಂತ ಮೀಟಿಂಗುಗಳಲ್ಲಿ ಹೇಳುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಕಾಡಿಗೆ ಹೆಚ್ಚು ಹೋಗುವವನೂ ಅವನೇ, ದಿನದ ಕೂಲಿ ಬಿಟ್ಟರೆ ಒಲೆ ಉರಿಯದವನೂ ಅವನೇ.

ಅತ್ತ ಲಸಿಕೆಯ ಶಕ್ತಿಯೂ ಇಳಿಯುತ್ತಾ ಬಂದಿತ್ತು. ಗುಣಮಟ್ಟದ ಪರೀಕ್ಷೆಯಲ್ಲಿ ಪಾಸಾಗದ ಬ್ಯಾಚುಗಳು ಬಂದವು. 2018-19ರಲ್ಲಿ ನಿಮ್ಮ ತಾಲೂಕಿನ ಅರಳಗೋಡಿನಲ್ಲಿ ಕಾಯಿಲೆ ಹೆಂಗೆ ಹಬ್ಬಿತು ಅಂತ ಅತ್ತೆಯನ್ನೇ ಕೇಳಿ, ಹೇಳುತ್ತಾರೆ. ಕೊನೆಗೆ ನಿಲ್ಲಿಸಿದ್ದು ಸರಿಯೇ. ಕೆಲಸ ಮಾಡದ ಲಸಿಕೆ ಹಾಕಿಸಿಕೊಂಡವರು ಧೈರ್ಯವಾಗಿ ಕಾಡಿಗೆ ಹೋಗುತ್ತಾರೆ, ಅದು ಇನ್ನೂ ಅಪಾಯ. ನನ್ನ ತಕರಾರು ಬೇರೆ: ಹೊಸದನ್ನು ಯಾಕೆ ಮೊದಲೇ ಶುರು ಮಾಡಲಿಲ್ಲ?

ಅದಕ್ಕೂ ಕಾರಣಗಳಿವೆ ಅನ್ನಿ. ಈ ವೈರಸ್ ಲ್ಯಾಬಿನವರಿಗೇ ಅಂಟಿದ ಉದಾಹರಣೆಗಳು ಬೇಕಾದಷ್ಟಿವೆ. ಭಾರಿ ಭದ್ರತೆಯ ಲ್ಯಾಬಿನಲ್ಲಷ್ಟೇ ಇದನ್ನು ಬೆಳೆಸಬೇಕು. ವರ್ಷಕ್ಕೆ ಸರಾಸರಿ 400-500 ಪ್ರಕರಣ, ಅದೂ ಕಾಡಂಚಿನ ಹಳ್ಳಿಗಳಲ್ಲಿ. ಯಾವ ಕಂಪನಿಗೆ ಆಸಕ್ತಿ ಇರುತ್ತದೆ ಹೇಳಿ? 2012ರ ನಂತರ ಬಂಡೀಪುರ, ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ ಅಂತ ಕಾಯಿಲೆ ಘಟ್ಟದುದ್ದಕ್ಕೂ ಕಾಣಿಸಿಕೊಂಡ ಮೇಲೆ ದೆಹಲಿಗೂ ಇದರ ಬಿಸಿ ತಟ್ಟಿತು. ಈಗ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ಲಸಿಕೆ ಕಂಪನಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡುತ್ತಿವೆ. ಎರಡು ಡೋಸಿನದು. ಬರಲಿ, ಸಂತೋಷ. ಆದರೆ ಪುಣೆ, ಹೈದರಾಬಾದಿನಲ್ಲಿ ಪಾಸಾದರೆ ಸಾಲದು, ಆ ಶಾಲೆ ಜಗಲಿಯ ಎರಡನೇ ಸುತ್ತಿನಲ್ಲೂ ಪಾಸಾಗಬೇಕು. ಲಸಿಕೆ ದಿನದ ಕೂಲಿ ಕೊಡಿ, ಇಲ್ಲ ಸಂಜೆ ಹೊತ್ತು ಮನೆಗೇ ಬಂದು ಹಾಕಿ ಅಂತ ನಾನು ಹೇಳಿದ್ದೆ. ಬರೆದುಕೊಂಡರು, ಅಷ್ಟೇ.

ಅಲ್ಲಿಯವರೆಗೆ ನೀವು ಮಾಡಬೇಕಾದ್ದು. ಕಾಯಿಲೆ ಹರಡುವುದು ದೊಡ್ಡ ಉಣುಗಿನಿಂದಲ್ಲ. ಬಹುಪಾಲು ಅದರ ಮರಿಯಿಂದ. ಕಣ್ಣಿಗೆ ಸರಿಯಾಗಿ ಕಾಣುವುದೂ ಇಲ್ಲ, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ದರಕಿನ (ಉದುರಿದ ಒಣ ಎಲೆ) ಮೇಲೆ ಇರುತ್ತದೆ. ಕೊಟ್ಟಿಗೆಗೆ ದರಕು ಗುಡಿಸಿ ತರುವುದು ನಿಮ್ಮ ಮನೆಯಲ್ಲೂ ಇರಬೇಕಲ್ಲ? ಆ ಕೆಲಸವನ್ನು ಆದಷ್ಟು ಡಿಸೆಂಬರಿಗೆ ಮೊದಲೇ ಮುಗಿಸಿ. ಆಗುವುದಿಲ್ಲ ಅಂದರೆ ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತದಂತೆ ತಡೆಯುವ ಎಣ್ಣೆ ಕೈ ಕಾಲು ಕುತ್ತಿಗೆಗೆ ಹಚ್ಚಿ, ಉದ್ದ ತೋಳು ಹಾಕಿ ಹೋಗಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗೆಲ್ಲ ಅಲ್ಲೇ ಉದುರಿರುತ್ತದೆ. ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರೆ ಸುತ್ತ 50 ಅಡಿ ಮೆಲಾಥಿಯನ್ ಎಂಬ ಕೀಟನಾಶಕ ಪುಡಿ ಹೊಡೆಯುತ್ತಾರೆ.

ಇದ್ದಕ್ಕಿದ್ದಂತೆ ಜ್ವರ, ಹಣೆ ಸಿಡಿಯುವ ತಲೆನೋವು, ಸೊಂಟ ಕಾಲು ಮುರಿದಂಥ ನೋವು ಬಂದರೆ ಎರಡನೇ ದಿನಕ್ಕೆ ಕಾಯಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಇದಕ್ಕೇ ಅಂತ ಔಷಧಿ ಇಲ್ಲ, ಆದರೆ ಬೇಗ ಗೊತ್ತಾದರೆ ರಕ್ತಸ್ರಾವ, ನೀರಿನಂಶ ನೋಡಿಕೊಳ್ಳಲು ಆಗುತ್ತದೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಆಸ್ಪಿರಿನ್, ಬ್ರೂಫೆನ್ ರಕ್ತಸ್ರಾವ ಜಾಸ್ತಿ ಮಾಡಬಹುದು. ಕೆಲವರಿಗೆ ಜ್ವರ ಬಿಟ್ಟು ವಾರ, ಎರಡು ವಾರದ ಮೇಲೆ ಮತ್ತೆ ಬರುತ್ತದೆ, ಆಗಲೂ ಆಸ್ಪತ್ರೆಗೆ ಹೋಗಲೇಬೇಕು. ಒಬ್ಬರಿಂದ ಒಬ್ಬರಿಗೆ ಇದು ಅಂಟುವುದಿಲ್ಲ. ರೋಗಿಯನ್ನು ಬೇರೆ ಕೋಣೆಯಲ್ಲಿ ಕೂಡಿಹಾಕುವುದು ಬೇಡ.

ನಿಮ್ಮ ಅತ್ತೆ ಮಾವನ ವಿಷಯ: ಕೊನೆಯ ಡೋಸ್ ಆಗಿ ವರ್ಷಗಳೇ ಕಳೆದಿವೆ. ಅದನ್ನು ನಂಬಿಕೊಂಡು ಕೂರಬೇಡಿ. ಎಣ್ಣೆ ಅವರೂ ಹಚ್ಚಲಿ. ಮಾವ ಒಪ್ಪದಿದ್ದರೆ ಬಾಟಲಿಯನ್ನು ಕತ್ತಿ, ಕೊಕ್ಕೆ ಇಡುವ ಜಾಗದಲ್ಲೇ ಇಟ್ಟುಬಿಡಿ.