ಅಮೆರಿಕದ ಗಡಿಗೋಡೆ ಮೆಕ್ಸಿಕೊದವರ ಕಣ್ಣಿಗೆ ಹೇಗೆ ಕಾಣುತ್ತದೆ?

ಮೊದಲಿಗೆ, ಹಳೆಯ ಗಾಯದ ಕಲೆಯಂತೆ. ಅಮೆರಿಕದೊಂದಿಗಿನ ಯುದ್ಧದಲ್ಲಿ ಸೋತ ಮೆಕ್ಸಿಕೊ 1848ರ ಒಪ್ಪಂದದಲ್ಲಿ ಕ್ಯಾಲಿಫೋರ್ನಿಯಾ ಸೇರಿದಂತೆ ಅಪಾರ ನೆಲವನ್ನು ಕಳೆದುಕೊಂಡಿತು. 'ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು' ಎಂದು ಅಮೆರಿಕದಲ್ಲಿರುವ ಮೆಕ್ಸಿಕನ್ ಮೂಲದವರು ಹೇಳುವುದು ಇದನ್ನೇ.

ಆಡುಮಾತಿನಲ್ಲಿ ಅಮೆರಿಕಕ್ಕೆ ಮೆಕ್ಸಿಕೊದವರಿಟ್ಟ ಹೆಸರು 'ಎಲ್ ಓತ್ರೊ ಲಾದೊ', ಅಂದರೆ 'ಆ ಕಡೆ'. ದೇಶದ ಹೆಸರೂ ಬೇಕಿಲ್ಲ, ನೋಡಿ!

ಮೆಕ್ಸಿಕೊದ ಗಡಿನಗರ ತಿಹ್ವಾನಾದಲ್ಲಿ ಗೋಡೆ ಸಮುದ್ರದೊಳಕ್ಕೇ ಇಳಿಯುತ್ತದೆ. ಮೆಕ್ಸಿಕೊ ಬದಿಯಲ್ಲಿ ಗೋಡೆಯ ಉಕ್ಕಿನ ಕಂಬಗಳ ಮೇಲೆ ಚಿತ್ರಗಳು, ಗಡೀಪಾರಾದವರ ಹೆಸರುಗಳು. ಪಕ್ಕದಲ್ಲೇ ಮಕ್ಕಳ ಆಟ, ತಿಂಡಿ ವ್ಯಾಪಾರ. ಅಗಲಿದ ಕುಟುಂಬಗಳು ಜಾಲರಿಯ ಸಂದಿಯಲ್ಲಿ ಬೆರಳ ತುದಿ ತಾಗಿಸಿದ್ದೂ ಅಲ್ಲಿಯೇ. 2019ರಲ್ಲಿ ಇನ್ನೊಂದು ಗಡಿನಗರ ಹ್ವಾರೆಸ್ ಬಳಿ ಕಂಬಗಳ ನಡುವೆ ಗುಲಾಬಿ ಬಣ್ಣದ ಸೀಸಾ ಹಲಗೆಗಳನ್ನು ತೂರಿಸಿ ಎರಡೂ ದೇಶದ ಮಕ್ಕಳು ಆಡಿದರು, ಆದರೆ ಆ ಆಟ ಒಂದು ಗಂಟೆಯೂ ನಡೆಯಲಿಲ್ಲ.