ಒಂದೇ ಚಿಪ್ಪಲ್ಲಿ ಮೂರು ಕೆಲಸ ಇದ್ರೆ ಡಿವೈಸ್ ಟ್ರೀಲಿ ಚೈಲ್ಡ್ ನೋಡ್ ಬೇಕಾ?

ಸಿದ್ದಾಪುರದ ಕಾಫಿ ತೋಟದ ಪಂಪ್‌ಹೌಸ್‌ಗೆ ಮಾಡ್ತಿರೋ ಬೋರ್ಡಲ್ಲಿ ಒಂದೇ ಐ2ಸಿ (ಎರಡು ತಂತಿಯ ಬಸ್) ಚಿಪ್ಪು, ಅದ್ರೊಳಗೆ ಜಿಪಿಐಒ (ಆನ್-ಆಫ್ ಪಿನ್ನುಗಳು), ಪಿಡಬ್ಲ್ಯೂಎಂ (ಪಲ್ಸ್ ಅಗಲ ಬದಲಾಯ್ಸೋ ಔಟ್‌ಪುಟ್), ಎಡಿಸಿ (ವೋಲ್ಟೇಜ್ ಅಳೆದು ಅಂಕಿ ಮಾಡೋದು) ಮೂರೂ ಇದೆ, ಡಿವೈಸ್ ಟ್ರೀಲಿ (ಬೋರ್ಡಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳೋ ಪಟ್ಟಿ) ಒಂದೊಂದಕ್ಕೂ ಬೇರೆ ಕಂಪ್ಯಾಟಿಬಲ್ (ಸರಿಯಾದ ಡ್ರೈವರ್ ಹುಡುಕೋಕೆ ಇರೋ ಹೆಸರು) ಹಾಕಿ ಚೈಲ್ಡ್ ನೋಡ್ (ಚಿಪ್ಪಿನ ನೋಡ್ ಒಳಗಿನ ಉಪ-ನಮೂದು) ಬರೀಬೇಕಾ ಅಂತ ಕೇಳಿದೀರಲ್ಲ, ನನ್ ಪ್ರಕಾರ ಬೇಡ. ಬೈಂಡಿಂಗ್ (ನೋಡಲ್ಲಿ ಏನೇನು ಬರೀಬೇಕು ಅನ್ನೋ ನಿಯಮ) ಹೇಳ್ಬೇಕಾಗಿರೋದು ಹಾರ್ಡ್‌ವೇರ್ ಹೇಗಿದೆ ಅಂತ, ಲಿನಕ್ಸ್ ಒಳಗೆ ಡ್ರೈವರ್ ಹೇಗೆ ಹಂಚಿದೀವಿ ಅಂತಲ್ಲ. ಜಿಪಿಐಒ-ಕಂಟ್ರೋಲರ್, ಜಿಪಿಐಒ-ಸೆಲ್ಸ್, ಪಿಡಬ್ಲ್ಯೂಎಂ-ಸೆಲ್ಸ್, ಐಒ-ಚಾನೆಲ್-ಸೆಲ್ಸ್ ಅನ್ನೋ ಪ್ರಾಪರ್ಟಿಗಳೆಲ್ಲಾ ಒಂದೇ ನೋಡಲ್ಲಿ ಆರಾಮಾಗಿ ಕೂರತ್ತೆ, ಮೂರು ಡ್ರೈವರ್ ಎಬ್ಬಿಸೋ ಕೆಲಸ ಎಂಎಫ್‌ಡಿ (ಹಲವು ಕೆಲಸದ ಚಿಪ್ಪು) ಡ್ರೈವರಲ್ಲಿರೋ ಸೆಲ್ ಟೇಬಲ್, ಅಂದ್ರೆ ಚೈಲ್ಡ್ ಡಿವೈಸ್‌ಗಳ ಪಟ್ಟಿ, ನೋಡ್ಕೊಳತ್ತೆ. ಆದ್ರೆ ಹಾಗೆ ಎದ್ದ ಚೈಲ್ಡ್ ಡಿವೈಸ್‌ಗೆ ಸ್ವಂತ ನೋಡ್ ಇರಲ್ಲ, ಪೇರೆಂಟ್ ನೋಡನ್ನ ಡ್ರೈವರಲ್ಲಿ ನೀವೇ ಕೊಡ್ಬೇಕು, ಇಲ್ಲಾಂದ್ರೆ ಪಂಪ್ ರಿಲೇ ಕಡೆಯಿಂದ ಜಿಪಿಐಒ ಕೇಳ್ದಾಗ ಪ್ರೋಬ್ ಡಿಫರ್ (ಡ್ರೈವರ್ ಶುರುವಾಗೋದು ಮುಂದಕ್ಕೆ ಹೋಗೋದು) ಆಗ್ತಾನೇ ಇರತ್ತೆ, ಇದನ್ನ ಹುಡುಕೋದು ಭಾರಿ ಕಷ್ಟ.

ಯಾವ್ದಾದ್ರೂ ಬ್ಲಾಕ್‌ಗೆ ತನ್ನದೇ ಕ್ಲಾಕ್, ಸಪ್ಲೈ ಇದ್ರೆ, ಇಲ್ಲಾ ಅದೇ ಬ್ಲಾಕ್ ಬೇರೆ ಚಿಪ್ಪಲ್ಲೂ ಬರೋದಾದ್ರೆ ಚೈಲ್ಡ್ ನೋಡ್ ಸರಿ. ಕಂಪ್ಯಾಟಿಬಲಲ್ಲಿ ಸಿಂಪಲ್-ಎಂಎಫ್‌ಡಿ ಹಾಕ್ಬೇಡಿ, ಅದು ಪೇರೆಂಟ್ ಮೇಲೆ ಅವಲಂಬಿಸದೇ ಇರೋ ಚೈಲ್ಡ್‌ಗಳಿಗೆ.

ಎಡಿಸಿ ಡ್ರೈವರ್ ಆಮೇಲೆ ಬರಿಯೋಣ ಅಂತಿದ್ರೂ ಬೈಂಡಿಂಗ್ ಮಾತ್ರ ಈಗ್ಲೇ ಪೂರ್ತಿ ಬರೀರಿ ದಯವಿಟ್ಟು. ಫೆಬ್ರವರಿ-ಮಾರ್ಚಲ್ಲಿ ಹೂವಿಗೆ ಅಂತ ಸ್ಪ್ರಿಂಕ್ಲರ್ ಓಡೋ ಟೈಮಲ್ಲಿ ಡಿಟಿಬಿ (ಕಂಪೈಲ್ ಆದ ಡಿವೈಸ್ ಟ್ರೀ ಫೈಲ್) ಬದಲಾಯ್ಸಕ್ಕೆ ಪಂಪ್ ನಿಲ್ಸೋಕೆ ಯಾವ ತೋಟದವ್ರೂ ಬಿಡಲ್ಲ, ಹಳೇ ಡಿಟಿಬಿ ಜೊತೆ ಹೊಸ ಕರ್ನಲ್ ಓಡ್ಲೇಬೇಕು. ಕಂಪ್ಯಾಟಿಬಲ್‌ಗೆ ಚಿಪ್ಪಿನ ಪೂರ್ತಿ ನಂಬರ್ ಹಾಕಿ, ಕೊನೇಲಿ ಎಕ್ಸ್ ಎಕ್ಸ್ ಅಂತ ಬೇಡ. ಬೈಂಡಿಂಗ್‌ನ ವೈಎಎಂಎಲ್ ಫೈಲ್ (ಸ್ಕೀಮಾ) ಬರೆದಾದ್ಮೇಲೆ ಮೇಕ್ ಡಿಟಿ_ಬೈಂಡಿಂಗ್_ಚೆಕ್ ಓಡ್ಸಿ, ಎರರ್ ಬಂದ್ರೆ ಸ್ಕೀಮಾ ಇಲ್ಲೇ ಹಾಕಿ, ನೋಡ್ತೀನಿ.