ಮಗಳ ಎಂ.ಎಸ್ಸಿ. ಶುಲ್ಕದ ಬಗ್ಗೆ ಜಗಳೂರಿನ ತಂದೆಯವರಿಗೆ

ಮಾನ್ಯರೇ, ಮಗಳಿಗೆ ದಾವಣಗೆರೆ ವಿಶ್ವವಿದ್ಯಾನಿಲಯದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ಪ್ರವೇಶ ಶುಲ್ಕದ ಹೊರತಾಗಿ ಇನ್ನೆಷ್ಟು ಹಣ ಹೊಂದಿಸಬೇಕು ಎಂದು ಕೇಳಿದ್ದೀರಿ. ಮೊದಲು ಶುಲ್ಕದ ಪಟ್ಟಿಯನ್ನು ಸಾಲು ಸಾಲಾಗಿ ಓದಿ: ಬೋಧನೆ, ಪ್ರಯೋಗಾಲಯ, ಗ್ರಂಥಾಲಯ ಎಂದು ಬೇರೆ ಬೇರೆ ಇರುತ್ತವೆ, ಪರೀಕ್ಷಾ ಶುಲ್ಕ ಪ್ರತಿ ಸೆಮಿಸ್ಟರಿಗೂ ಮತ್ತೆ ಬರುತ್ತದೆ. ಆದರೆ ನಮ್ಮಂತಹ ಮನೆಗಳಿಗೆ ನಿಜವಾಗಿ ಭಾರವಾಗುವುದು ಊಟ ಮತ್ತು ವಸತಿ. ವಿಶ್ವವಿದ್ಯಾನಿಲಯವಿರುವ ತೋಳಹುಣಸೆಯ ಶಿವಗಂಗೋತ್ರಿ ಆವರಣ ಪೇಟೆಯಿಂದ ಹೊರಗಿದೆ; ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಮಗಳಿಗೆ ಟಿಕೆಟ್ ಹಣ ಬೇಕಿಲ್ಲವಾದರೂ, ಜಗಳೂರಿನಿಂದ ದಿನವೂ ಓಡಾಡಿದರೆ ಓದುವ ಹೊತ್ತು ಬಸ್ಸಿನಲ್ಲೇ ಕಳೆಯುತ್ತದೆ. ಆದ್ದರಿಂದ ಸರ್ಕಾರಿ ವಿದ್ಯಾರ್ಥಿನಿಲಯಕ್ಕೆ ಈಗಲೇ ಅರ್ಜಿ ಹಾಕಿಸಿ. ಅಲ್ಲಿ ಸ್ಥಳ ಸಿಗದ ಹಿಂದುಳಿದ ವರ್ಗಗಳ ಅರ್ಹ ವಿದ್ಯಾರ್ಥಿಗಳಿಗೆಂದೇ ವಿದ್ಯಾಸಿರಿ ಯೋಜನೆಯಿದ್ದು, ಅದರಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ನೆರವು ದೊರೆಯುತ್ತದೆ.

ವಿದ್ಯಾರ್ಥಿವೇತನದ ಅರ್ಜಿಯನ್ನು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿ ಜಾಲತಾಣದಲ್ಲಿ ಸಲ್ಲಿಸಬೇಕು. ಅದಕ್ಕೆ ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಬೇಕಾಗುತ್ತದೆ. ನನ್ನ ತಂಗಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ ಇತ್ತು. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಅವಳ ಹಣ ತಿಂಗಳುಗಟ್ಟಲೆ ತಡವಾಯಿತು. ದಯವಿಟ್ಟು ಮಗಳ ಅಂಕಪಟ್ಟಿ, ಆಧಾರ್ ಎರಡನ್ನೂ ಇಂದೇ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿ, ಮಗಳ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಖಚಿತಪಡಿಸಿಕೊಳ್ಳಿ. ವಿದ್ಯಾರ್ಥಿವೇತನ ಕೈಸೇರುವುದು ಸಾಮಾನ್ಯವಾಗಿ ಪ್ರವೇಶದ ನಂತರವೇ ಆದುದರಿಂದ, ಶುಲ್ಕದ ಮೊದಲ ಕಂತಿಗೆ ಅದನ್ನು ನೆಚ್ಚದೆ ಬೇರೆ ಹಣ ತೆಗೆದಿರಿಸಿ. ಕಟ್ಟಿದ ಪ್ರತಿ ರಸೀದಿಯನ್ನೂ ಜೋಪಾನವಾಗಿಡಿ.